ಆಧಾರ್ ನಂಬರ್ ಮುಚ್ಚುವ ಆ್ಯಪ್ ಮಾಡಿದೆ, ನಮ್ಮವ್ವನೇ ಬಳಸಲಿಲ್ಲ. ಎಲ್ಲಿ ತಪ್ಪಿದೆ?

ನವನಗರ_ಹುಡುಗ
ಶನಿವಾರ ರಾತ್ರಿ 9:40

ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ ನನ್ನದು. ನಾಲ್ಕು ತಿಂಗಳ ಭಾನುವಾರಗಳನ್ನೆಲ್ಲ ಹಾಳು ಮಾಡಿಕೊಂಡು ಒಂದು ಆ್ಯಪ್ ಮಾಡಿದೆ. ಆಧಾರ್ ಕಾರ್ಡಿನ ಫೋಟೋ ಕೊಟ್ಟರೆ 12 ಅಂಕಿಯಲ್ಲಿ ಮೊದಲ 8 ಮುಚ್ಚಿ ಕೊನೆಯ 4 ಮಾತ್ರ ಬಿಡುತ್ತದೆ, ಅಷ್ಟೇ. ಫೋಟೋ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ಆ್ಯಪ್‌ಗೆ ಇಂಟರ್ನೆಟ್ ಪರ್ಮಿಷನ್ನೇ ಹಾಕಿಲ್ಲ.

ಈ ಹುಚ್ಚು ಹತ್ತಿದ್ದು ಒಂದು ಝೆರಾಕ್ಸ್ ಅಂಗಡಿಯಲ್ಲಿ. ಯಾವ ಅಂಗಡಿ ಅಂತ ಬೇಡ, ಎಲ್ಲ ಕಡೆ ಅದೇ ಕಥೆ. ಗೋಡೆಗೆ ವಾಟ್ಸಾಪ್ ನಂಬರ್ ಅಂಟಿಸಿದ್ದಾರೆ, ಅದಕ್ಕೆ ಕಳಿಸಿದರೆ ಪ್ರಿಂಟ್. ಮಾನಿಟರ್ ಗಿರಾಕಿಗಳ ಕಡೆಗೇ ತಿರುಗಿದೆ, ಅದರಲ್ಲಿ ವಾಟ್ಸಾಪ್ ವೆಬ್ ತೆರೆದೇ ಇದೆ. ನಮಗಿಂತ ಮೊದಲು ಬಂದುಹೋದವರ ಪಾಸ್‌ಬುಕ್, ಯಾರದೋ ಮಗಳ ಮಾರ್ಕ್ಸ್ ಕಾರ್ಡ್, ಇನ್ಯಾರದೋ ಆಸ್ಪತ್ರೆ ರಿಪೋರ್ಟು, ಎಲ್ಲ ಸಾಲಾಗಿ ಕಾಣುತ್ತಿದೆ. ಓದಬಾರದು ಅಂದುಕೊಂಡರೂ ಕಣ್ಣು ಹೋಗುತ್ತದಲ್ವಾ. ಆ ರಿಪೋರ್ಟಿನ ಮೇಲಿದ್ದ ಹೆಸರು ನಮ್ಮ ಓಣಿಯವರದೇ.

ಮನೆಗೆ ಬಂದು ಅವ್ವನ ಫೋನಿನ ಗ್ಯಾಲರಿ ನೋಡಿದೆ. ಆಧಾರ್ ಫೋಟೋ ಏಳು ಇದ್ದವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಬಸ್ಸಿನಲ್ಲಿ ತೋರಿಸುವುದಕ್ಕೆ ಅಂತ ತೆಗೆದದ್ದು ಒಂದು, ಗೃಹಲಕ್ಷ್ಮಿ ಅರ್ಜಿಗೆ ಎರಡು, ಗ್ಯಾಸಿಗೆ ಒಂದು, ಉಳಿದವು ಯಾಕೆ ಅಂತ ಅವ್ವನಿಗೂ ಗೊತ್ತಿಲ್ಲ.

ಸರಿ, ಆ್ಯಪ್ ಆಯಿತು, ಅವ್ವನ ಕೈಗೆ ಕೊಟ್ಟೆ. ಮೊದಲ ಪರದೆಯಲ್ಲಿ "ನಿಮ್ಮ ಗೌಪ್ಯತೆ ನಿಮ್ಮ ಕೈಯಲ್ಲಿ" ಅಂತ ದೊಡ್ಡದಾಗಿ ಬರೆದಿದ್ದೆ, ಆ ಸಾಲಿಗೆ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ. ಅವ್ವ ಅದನ್ನು ನೋಡಿ, "ಇದೇನೋ, ಮತ್ತ ಓಟಿಪಿ ಕೇಳ್ತದೇನು?" ಅಂದಳು. ಮುಂದೆ ಕ್ಯಾಮೆರಾ ಪರ್ಮಿಷನ್ ಕೇಳಿತು. ಆಮೇಲೆ ಫೈಲ್ ಪರ್ಮಿಷನ್. ಆಮೇಲೆ ಯಾವ ಉದ್ದೇಶಕ್ಕೆ ಅಂತ ಒಂದು ಪಟ್ಟಿ. ಪಟ್ಟಿ ಬಂದ ಕೂಡಲೇ ಫೋನ್ ನನ್ನ ಕೈಗೆ ವಾಪಸ್: "ನೀನ ಮಾಡಿಕೊಡು." ಮುಂದಿನ ವಾರ ಒಬ್ಬಳೇ ಅಂಗಡಿಗೆ ಹೋದಳು, ಗ್ಯಾಲರಿಯಿಂದ ಪೂರ್ತಿ ನಂಬರಿನ ಫೋಟೋ ಸೀದಾ ಕಳಿಸಿ ಪ್ರಿಂಟ್ ತಂದಳು. ಬಂಧು ಬಳಗದಲ್ಲಿ 11 ಜನರ ಫೋನಿಗೆ ಹಾಕಿಕೊಟ್ಟಿದ್ದೆ. ಎರಡನೇ ಸಲ ತೆರೆದವನು ನಾನೊಬ್ಬನೇ.

ತಪ್ಪು ಜನರದ್ದು ಅಂತ ನಾನು ಹೇಳುವುದಿಲ್ಲ. ಆದರೆ ನನ್ನದು ಎಲ್ಲಿ ತಪ್ಪಿದೆ ಅಂತ ತಿಳಿಯುತ್ತಿಲ್ಲ. ಬೈದರೂ ಪರವಾಗಿಲ್ಲ, ಬಿಡಿಸಿ ಹೇಳಿ.


ದುರ್ಗದಬೈಲ್_ಗಿರ್ಮಿಟ್
ಶನಿವಾರ ರಾತ್ರಿ 10:05

ತಮ್ಮಾ, ಬೇಜಾರಾಗಬೇಡ. ನಮ್ಮಂಥವರ ಹತ್ತಿರ ಮುಚ್ಚಿಡುವಂಥದ್ದು ಏನಿದೆ? ಆಧಾರ್ ನಂಬರ್ ಹತ್ತು ಕಡೆ ಕೊಟ್ಟು ಮುಗಿದಿದೆ. ಈಗ ಮುಚ್ಚಿದರೆ ಮಳೆ ನಿಂತ ಮೇಲೆ ಕೊಡೆ ಹಿಡಿದ ಹಾಗೆ.


ಬೆಟಗೇರಿ_ಝೆರಾಕ್ಸ್
ಶನಿವಾರ ರಾತ್ರಿ 11:20

ನಾನು ಆ ಕಡೆಯವನು, ಅಂದರೆ ಮಾನಿಟರ್ ಹಿಂದೆ ಕೂತವನು. ಗದಗ-ಬೆಟಗೇರಿಯಲ್ಲಿ ಹನ್ನೊಂದು ವರ್ಷದಿಂದ ಝೆರಾಕ್ಸ್, ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್. ಅಂಗಡಿ ಬಾಗಿಲು ಹಾಕಿ ಬಂದು ಬರೆಯುತ್ತಿದ್ದೇನೆ, ಹಂಗಾಗಿ ಸ್ವಲ್ಪ ಖಾರ ಇದ್ದರೆ ತಡೆದುಕೋ.

ನಿನ್ನ ಆ್ಯಪ್ ಯಾರೂ ಬಳಸದೇ ಇರುವುದಕ್ಕೆ ಕಾರಣ ಗೌಪ್ಯತೆ ಬೇಡ ಅಂತಲ್ಲ. ಫೋನನ್ನು ಅವರು ಬಳಸುವುದೇ ಇಲ್ಲ, ಬಳಸುವವನು ನಾನು. ದಿನಕ್ಕೆ ಅರ್ಧ ಜನ ಬಂದವರೇ ಲಾಕ್ ತೆಗೆದು ಫೋನ್ ಗಾಜಿನ ಮೇಲೆ ಇಟ್ಟು, "ನೀವ ನೋಡಿ ಹಾಕ್ರಿ" ಅನ್ನುತ್ತಾರೆ. ಆಧಾರ್ ಎಲ್ಲಿದೆ ಅಂತ ಗ್ಯಾಲರಿಯಲ್ಲಿ ನಾನೇ ಹುಡುಕಬೇಕು. ಹುಡುಕುವಾಗ ಏನೇನು ಕಾಣಬಾರದೋ ಎಲ್ಲ ಕಾಣುತ್ತದೆ. ನೀನು ಆ್ಯಪ್ ಮಾಡಿದ್ದು ನಿನ್ನವ್ವನಿಗೆ, ಅದನ್ನು ಒತ್ತುವ ಬೆರಳು ನನ್ನದು. ನನಗೆ ಎದುರಿಗೆ ಎಂಟು ಜನ ನಿಂತಿರುತ್ತಾರೆ. ನಾಲ್ಕು ಪರದೆ ದಾಟಿ 8 ಅಂಕಿ ಮುಚ್ಚುತ್ತಾ ಕೂತರೆ ನನ್ನ ಹೊಟ್ಟೆ ತುಂಬುತ್ತದಾ?

ಮೊದಲ 8 ಅಂಕಿ ಮುಚ್ಚಿಯೇ ಬರುವ ಸರ್ಕಾರದ ಮಾಸ್ಕ್ಡ್ ಆಧಾರ್ ಅಂತ ಇದೆಯಲ್ಲ, ಅದನ್ನು ಇಳಿಸಿಕೊಳ್ಳುವುದಕ್ಕೂ ಓಟಿಪಿ ಬೇಕು. ಓಟಿಪಿ ಬರುವ ನಂಬರ್ ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ಮಗನದು. ಅವನು ಫೋನ್ ಎತ್ತಬೇಕು. ಪಿಡಿಎಫ್ ಬಂತು ಅಂದುಕೋ, ಅದಕ್ಕೆ ಪಾಸ್‌ವರ್ಡ್. ಏನು ಪಾಸ್‌ವರ್ಡ್? ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಎರಡೂ ಕಾರ್ಡಿನ ಮೇಲೆಯೇ ಅಚ್ಚಾಗಿರುತ್ತವೆ! ನಾನು ಯಾರನ್ನೂ ಕೇಳುವುದೇ ಇಲ್ಲ, ಮುಖ ನೋಡಿ ಹೊಡೆಯುತ್ತೇನೆ. ಬೀಗದ ಕೈಯನ್ನು ಬೀಗಕ್ಕೇ ಕಟ್ಟಿ ಬಿಟ್ಟಂತಾಯಿತು.

ಇನ್ನೊಂದು ಮಾತು, ನಿಮಗೆ ಇಷ್ಟ ಆಗಲಿಕ್ಕಿಲ್ಲ. ನಾನು ಒಂದು ಕಾಲಕ್ಕೆ ದಿನಾ ರಾತ್ರಿ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡುತ್ತಿದ್ದೆ. ಜನ ಜಗಳಕ್ಕೆ ಬಂದರು. "ಮೊನ್ನೆ ಕೊಟ್ಟಿದ್ನೆಲ್ಲಾ, ನಿಮ್ಮ ಕಂಪ್ಯೂಟರಿನಾಗ ಇರಬೇಕು ನೋಡ್ರಿ, ಇನ್ನೊಂದು ಕಾಪಿ ಹೊಡೀರಿ." ಅವರ ಪಾಲಿಗೆ ನನ್ನ ಅಂಗಡಿಯೇ ತಿಜೋರಿ. ಡಿಜಿಲಾಕರ್ ಪಿನ್, ಜಿಮೇಲ್ ಪಾಸ್‌ವರ್ಡ್, ಸ್ಕಾಲರ್‌ಶಿಪ್ ಲಾಗಿನ್, ಎಲ್ಲ ನನ್ನ ಹತ್ತಿರ 200 ಪುಟದ ನೋಟ್‌ಬುಕ್ಕಿನಲ್ಲಿ ಇದೆ. ಅವರೇ ಬರೆಸಿ ಹೋಗುತ್ತಾರೆ. ಮರೆತರೆ ಬರುತ್ತಾರೆ. ನಾನು ಕಳ್ಳನಲ್ಲ, ಹೌದು. ನಾಳೆ ನನ್ನ ಅಂಗಡಿಗೆ ಕೆಲಸಕ್ಕೆ ಬರುವ ಹುಡುಗ?


ನವನಗರ_ಹುಡುಗ
ಶನಿವಾರ ರಾತ್ರಿ 11:48

ಅಣ್ಣಾ, ನೋಟ್‌ಬುಕ್ ಕಥೆ ಕೇಳಿ ನಿದ್ದೆ ಹೋಯಿತು.


ಹಳೇ_ಮೇಷ್ಟ್ರು
ಭಾನುವಾರ ಬೆಳಗ್ಗೆ 6:30

ಬೆಳಗಿನ ವಾಕಿಂಗ್ ಬಿಟ್ಟು ಇದಕ್ಕೆ ಕೂತಿದ್ದೇನೆ. ಧಾರವಾಡದಲ್ಲಿ ಬಹಳ ವರ್ಷ ಗಣಿತ ಹೇಳಿದವನು ನಾನು, ಗೂಢಲಿಪಿ ನನ್ನ ಹಳೆಯ ಚಟ.

ಹುಡುಗ ಕೇಳಿರುವ ಪ್ರಶ್ನೆ ಹೊಸದಲ್ಲ. 1883ರಲ್ಲಿ ಆಗಸ್ಟ್ ಕೆರ್ಕೋಫ್ಸ್ ಎನ್ನುವವನು ಸೈನ್ಯದ ಗೂಢಲಿಪಿ ಹೇಗಿರಬೇಕು ಅಂತ ಆರು ನಿಯಮ ಬರೆದ. ಎಲ್ಲರಿಗೂ ನೆನಪಿರುವುದು ಎರಡನೆಯದು: ವಿಧಾನ ಶತ್ರುವಿಗೆ ಗೊತ್ತಾದರೂ ತೊಂದರೆ ಆಗಬಾರದು, ಕೀಲಿ ಮಾತ್ರ ಗುಟ್ಟಾಗಿರಬೇಕು. ಆರನೆಯದನ್ನು ಯಾರೂ ಪಾಠ ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ. ಅದು ಹೇಳುವುದು, ಬಳಸುವುದಕ್ಕೆ ಸುಲಭ ಇರಬೇಕು, ತಲೆ ಬಿಸಿ ಆಗಬಾರದು, ಉದ್ದನೆಯ ನಿಯಮಗಳ ಪಟ್ಟಿ ನೆನಪಿಡುವ ಹಾಗಿರಬಾರದು. ಯುದ್ಧದ ಗದ್ದಲದಲ್ಲಿರುವ ಸಿಪಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬೆಟಗೇರಿಯವರ ಎದುರಿಗೆ ನಿಂತ ಎಂಟು ಗಿರಾಕಿಗಳು ಅದಕ್ಕಿಂತ ಕಡಿಮೆ ಗದ್ದಲ ಏನಲ್ಲ.

ಇನ್ನೊಂದು, 1999ರಲ್ಲಿ ಆಲ್ಮಾ ವಿಟನ್ ಮತ್ತು ಡಗ್ ಟೈಗರ್ ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡಿದರು. ಇಮೇಲ್‌ಗೆ ಬೀಗ ಹಾಕುವ ಪಿಜಿಪಿ 5.0 ಎಂಬ ಸಾಫ್ಟ್‌ವೇರ್. ಆ ಕಾಲಕ್ಕೆ ಅದರ ಪರದೆ ಬಹಳ ಚೆಂದ ಅಂತ ಹೆಸರಾಗಿತ್ತು. 12 ಜನ, ಎಲ್ಲರೂ ಇಮೇಲ್ ಬಲ್ಲವರು, ಒಂದೂವರೆ ಗಂಟೆ ಟೈಮು. ಸರಿಯಾಗಿ ಸಹಿ ಹಾಕಿ ಬೀಗ ಹಾಕಿ ಕಳಿಸಿದವರು ಮೂರನೇ ಒಂದರಷ್ಟು ಮಾತ್ರ. ಮೂರು ಜನ ಗುಟ್ಟಿನ ಸಂದೇಶವನ್ನು ಬೀಗವಿಲ್ಲದೇ ಹಾಗೇ ಕಳಿಸಿಬಿಟ್ಟರು, ಅವರಲ್ಲಿ ಒಬ್ಬರಂತೂ ಬೀಗ ಬಿದ್ದಿದೆ ಅಂತಲೇ ನಂಬಿಕೊಂಡಿದ್ದರು. ನಿಮ್ಮ ತಾಯಿಯವರು ದಡ್ಡರಲ್ಲ ಅಂತ ಹೇಳುವುದಕ್ಕೆ ಇದನ್ನು ಬರೆದೆ.

ಆಮೇಲೆ 2016ರ ಏಪ್ರಿಲ್‌ನಲ್ಲಿ ವಾಟ್ಸಾಪ್ ಏನು ಮಾಡಿತು? ಎಲ್ಲರ ಮೆಸೇಜಿಗೂ ಬೀಗ ಹಾಕಿತು. ಯಾರನ್ನೂ ಕೇಳಲಿಲ್ಲ, ಯಾರಿಗೂ ಕೀಲಿ ಕೊಡಲಿಲ್ಲ, ಒಂದು ಹಳದಿ ಚೀಟಿ ತೋರಿಸಿತು, ನಾವೆಲ್ಲ ಓದದೇ ಮುಂದಕ್ಕೆ ಹೋದೆವು. ನೂರು ಕೋಟಿ ಜನ ಒಂದು ದಿನವೂ ಪಾಠ ಕಲಿಯದೇ ಗೂಢಲಿಪಿ ಬಳಸುವವರಾದರು. ಆದರೆ ಅದೇ ವಾಟ್ಸಾಪ್ 2021ರಲ್ಲಿ ಬ್ಯಾಕಪ್‌ಗೂ ಅಂಥದೇ ಬೀಗ ತಂದಾಗ ಅದನ್ನು ನಾವೇ ಸೆಟ್ಟಿಂಗ್‌ಗೆ ಹೋಗಿ ಆನ್ ಮಾಡಿಕೊಳ್ಳಬೇಕು ಅಂತ ಇಟ್ಟಿತು. ಇಲ್ಲಿ ಎಷ್ಟು ಜನ ಆನ್ ಮಾಡಿದ್ದೀರಿ? ಕೈ ಎತ್ತಿ ನೋಡೋಣ.


ದುರ್ಗದಬೈಲ್_ಗಿರ್ಮಿಟ್
ಭಾನುವಾರ ಬೆಳಗ್ಗೆ 8:15

ಸರ್, ಅದು ಇದೆ ಅಂತಲೇ ಈಗ ಗೊತ್ತಾಯಿತು.


ಸಪ್ತಾಪುರ_ರೂಮ್_6
ಭಾನುವಾರ ಬೆಳಗ್ಗೆ 11:02

ಗಿರ್ಮಿಟ್ ಅಣ್ಣಾ, "ಮುಚ್ಚಿಡುವಂಥದ್ದು ಏನಿದೆ" ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸುಮ್ನೆ ಓದಿ ಹೋಗೋಣ ಅಂತಿದ್ದೆ.

ನಾನು ಧಾರವಾಡದಲ್ಲಿ ಪಿಜಿಯಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದೇನೆ, ಊರು ಹಾವೇರಿ ಕಡೆ. ಇಲ್ಲಿರುವಾಗ ಫೋನ್ ನನ್ನದು. ಊರಿಗೆ ಹೋದರೆ ಅದು ಮನೆಯದು. ತಮ್ಮ ಗೇಮ್ ಆಡುತ್ತಾನೆ, ಅಪ್ಪ ಯೂಟ್ಯೂಬ್ ನೋಡುತ್ತಾರೆ, ಕಾಕಾ ಬಂದರೆ "ತಾ ಇಲ್ಲೆ, ಒಂದು ಫೋನ್ ಮಾಡ್ತೀನಿ" ಅಂತ ಇಸಿದುಕೊಳ್ಳುತ್ತಾರೆ. ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಕೊಡುವಾಗ ಮುಖ ಸಣ್ಣ ಮಾಡುವ ಹಾಗೂ ಇಲ್ಲ.

ಒಮ್ಮೆ ವಾಟ್ಸಾಪ್‌ಗೆ ಆ್ಯಪ್ ಲಾಕ್ ಹಾಕಿದ್ದೆ. ಒಳಗೆ ಏನೂ ಇರಲಿಲ್ಲ, ಗೆಳತಿಯೊಬ್ಬಳ ಮನೆಯ ಕಷ್ಟದ ಮಾತು ಇತ್ತು, ಅವಳ ಮಾನದ ಪ್ರಶ್ನೆ. ತಮ್ಮ ಅದನ್ನು ಒತ್ತಿದ, ಬೀಗದ ಚಿತ್ರ ಬಂತು. ಊಟಕ್ಕೆ ಕೂತಾಗ ಎಲ್ಲರ ಮುಂದೆ, "ಅಕ್ಕಾ, ವಾಟ್ಸಾಪಿಗೆ ಯಾಕ ಲಾಕ್ ಹಾಕೀದಿ?" ಅಂದ. ಅಪ್ಪ ತಲೆ ಎತ್ತಿ ನೋಡಿದರು ಅಷ್ಟೇ, ಏನೂ ಅನ್ನಲಿಲ್ಲ. ಅವತ್ತೇ ಲಾಕ್ ತೆಗೆದೆ. ಆಮೇಲೆ ಎಂಟು ದಿನ ಅವ್ವ ನನ್ನ ಜೊತೆ ಬೇರೆ ಧ್ವನಿಯಲ್ಲಿ ಮಾತಾಡಿದಳು.

ಬೀಗ ಹಾಕುವುದು ಸುಲಭ, ಬೀಗ ಕಾಣಿಸುವುದೇ ಕಷ್ಟ. ಈಗ ನಾನು ಮಾಡುವುದು ಏನೆಂದರೆ, ಊರಿನ ಬಸ್ ಹತ್ತಿದ ಮೇಲೆ ಒಂದೊಂದೇ ಚಾಟ್ ನೋಡಿ ಬೇಕಾದ್ದನ್ನು ಮಾತ್ರ ಅಳಿಸುವುದು. ಪೂರ್ತಿ ಖಾಲಿ ಮಾಡಿದರೆ ಅದೂ ಅನುಮಾನ. ಯೂಟ್ಯೂಬ್ ಹಿಸ್ಟರಿ ಪೂರ್ತಿ ಅಳಿಸುವುದಿಲ್ಲ, ಎರಡು ಮೂರು ಅಳಿಸುತ್ತೇನೆ. ಇದು ನನ್ನೊಬ್ಬಳ ಬುದ್ಧಿವಂತಿಕೆ ಅಂದುಕೊಂಡಿದ್ದೆ. 2018ರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಹೆಣ್ಣುಮಕ್ಕಳು ಫೋನ್ ಹೇಗೆ ಬಳಸುತ್ತಾರೆ ಅಂತ ಒಂದು ಅಧ್ಯಯನ ಬಂದಿದೆ, ಅದರಲ್ಲಿ ಎಲ್ಲರೂ ಇದನ್ನೇ ಮಾಡುತ್ತಿದ್ದಾರೆ! ಲಾಕ್, ಒಂದೊಂದೇ ಅಳಿಸುವುದು, ಎಲ್ಲ ಅಳಿಸುವುದು, ಪ್ರೈವೇಟ್ ಮೋಡ್, ಇಲ್ಲವೇ ಆ ಕೆಲಸವನ್ನೇ ಫೋನಿನಲ್ಲಿ ಮಾಡದೇ ಬಿಡುವುದು. ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ನೋಡಿ. ನನ್ನ ರೂಮ್‌ಮೇಟ್ ಮುಟ್ಟಿನ ದಿನ ಬರೆದಿಡುವ ಆ್ಯಪ್ ಹಾಕಿಕೊಂಡಿಲ್ಲ, ಕ್ಯಾಲೆಂಡರಿನಲ್ಲಿ ಚುಕ್ಕಿ ಇಡುತ್ತಾಳೆ.

ವಾಟ್ಸಾಪ್‌ನಲ್ಲಿ 2023ರ ಕೊನೆಗೆ ಒಂದು ಒಳ್ಳೆಯದು ಬಂತು. ಲಾಕ್ ಮಾಡಿದ ಚಾಟ್‌ಗಳ ಫೋಲ್ಡರನ್ನೇ ಮರೆ ಮಾಡಬಹುದು, ಹುಡುಕುವ ಜಾಗದಲ್ಲಿ ಗುಟ್ಟಿನ ಕೋಡ್ ಹೊಡೆದರೆ ಮಾತ್ರ ಕಾಣುತ್ತದೆ. ಅದನ್ನು ಮಾಡಿದವರಲ್ಲಿ ಯಾರೋ ಒಬ್ಬರು ನಮ್ಮಂಥ ಮನೆಯಲ್ಲಿ ಬೆಳೆದಿರಬೇಕು ಅಂತ ನನಗೆ ಗುಮಾನಿ.

ನವನಗರದ ಅಣ್ಣಾ, ನಿಮ್ಮ ಆ್ಯಪಿನ ಹೆಸರು, ಐಕಾನ್ ಏನು?


ನವನಗರ_ಹುಡುಗ
ಭಾನುವಾರ ಮಧ್ಯಾಹ್ನ 12:30

ಹೆಸರಿನಲ್ಲಿ "ಗುಪ್ತ" ಇದೆ. ಐಕಾನ್ ಬೀಗದ್ದೇ. ಅದೂ ಕೆಂಪು ಬಣ್ಣದ್ದು. ಏನೂ ಹೇಳಬೇಡಿ.


ಬ್ಯಾಡಗಿ_ಗುಮಾಸ್ತ
ಭಾನುವಾರ ಮಧ್ಯಾಹ್ನ 3:45

ನಾನು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಸೋಮವಾರ, ಗುರುವಾರ ಉಸಿರಾಡಲು ಪುರುಸೊತ್ತಿಲ್ಲ, ಇವತ್ತು ಭಾನುವಾರ ಅಂತ ಬರೆಯುತ್ತಿದ್ದೇನೆ.

ಮುಚ್ಚುವುದು, ಬೀಗ ಹಾಕುವುದು, ಇವೆಲ್ಲ ಸರಿ. ಬೀಗ ಹಾಕಿದ ಮೇಲೆ ಏನಾಗುತ್ತದೆ ಅಂತ ನನ್ನ ಅನುಭವ ಕೇಳಿ. 2023ರಲ್ಲಿ ಜಮೀನು ನೋಂದಣಿ ಕಾಗದದಲ್ಲಿರುವ ಹೆಬ್ಬೆಟ್ಟಿನ ಗುರುತು ಕದ್ದು, ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ದುಡ್ಡು ತೆಗೆಯುತ್ತಾರೆ ಅಂತ ಪೇಪರಿನಲ್ಲಿ ದಿನಾ ಬರುತ್ತಿತ್ತು. ಹೆಬ್ಬೆಟ್ಟು ಇಟ್ಟರೆ ದುಡ್ಡು ಕೊಡುವ ಆ ಮಷಿನ್‌ಗೆ ಓಟಿಪಿಯೂ ಬೇಡ, ಪಿನ್ನೂ ಬೇಡ. ನಮ್ಮ ಅಜ್ಜ ಅದರ ಹಿಂದಿನ ವರ್ಷವೇ ಎರಡು ಎಕರೆ ಮಾರಿದ್ದರು. ನನಗೆ ಹೆದರಿಕೆ ಆಯಿತು. ಎಂ-ಆಧಾರ್ ಆ್ಯಪಿನಲ್ಲಿ ಅವರ ಬೆರಳಚ್ಚಿಗೆ ಲಾಕ್ ಹಾಕಿದೆ. ಎರಡು ನಿಮಿಷದ ಕೆಲಸ. ಬಹಳ ಜಾಣ ಅಂದುಕೊಂಡೆ.

ಮುಂದಿನ ತಿಂಗಳು ಅಜ್ಜ ರೇಷನ್‌ಗೆ ಹೋದರು. ಬೆರಳು ಇಟ್ಟರು, ಮಷಿನ್ ಏನೋ ಇಂಗ್ಲಿಷಿನಲ್ಲಿ ಹೇಳಿ 330 ಅಂತ ನಂಬರ್ ತೋರಿಸಿತು. ಅಂಗಡಿಯವರಿಗೆ ಅದರ ಅರ್ಥ ಏನು ಗೊತ್ತು? "ಬೆರಳು ಸವದಾವ ಅಜ್ಜಾ, ಕೈ ತೊಳಕೊಂಡು ಬರ್ರಿ" ಅಂದರು. ಅಜ್ಜ ನಲ್ಲಿಯಲ್ಲಿ ತೊಳೆದು ಧೋತರಕ್ಕೆ ಒರೆಸಿಕೊಂಡು ಬಂದರು. ಆಗಲಿಲ್ಲ. ಕೊಬ್ಬರಿ ಎಣ್ಣೆ ಸವರಿಸಿದರು. ಆಗಲಿಲ್ಲ. ಮೂರು ದಿನ ಹೀಗೆ. "ಬದುಕಿನಾಗ ದುಡಿದು ದುಡಿದು ಗೆರಿ ಅಳಿಸ್ಯಾವ ಬಿಡು" ಅಂತ ಮನೆಗೆ ಬಂದು ಕೂತುಬಿಟ್ಟರು. ನಾನು ರಾತ್ರಿ ಬಂದು ಕೇಳಿದ ಮೇಲೆ ನನ್ನ ಲಾಕ್ ನೆನಪಾಯಿತು. ತಾತ್ಕಾಲಿಕವಾಗಿ ತೆಗೆದರೆ ಅದು 10 ನಿಮಿಷ ಮಾತ್ರ ತೆರೆದಿರುತ್ತದೆ, ಆಮೇಲೆ ತಾನೇ ಬೀಳುತ್ತದೆ. ರೇಷನ್ ಸಾಲಿನಲ್ಲಿ ನಮ್ಮ ಪಾಳಿ ಯಾವ 10 ನಿಮಿಷಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತು? ಕೊನೆಗೆ ಲಾಕ್ ಪೂರ್ತಿ ತೆಗೆದೆ. ಈಗಲೂ ತೆಗೆದೇ ಇದೆ.

ಆ ಪರದೆ "ಬೆರಳಿಗೆ ಬೀಗ ಬಿದ್ದಿದೆ, ಹಾಕಿದವರನ್ನು ಕೇಳಿ" ಅಂತ ಕನ್ನಡದಲ್ಲಿ ಒಂದು ಸಾಲು ಹೇಳಿದ್ದರೆ ಅಜ್ಜ ಮೂರು ದಿನ ಕೈ ತೊಳೆಯುತ್ತಿರಲಿಲ್ಲ.


ಕೋರ್ಟ್_ಹಾದಿ
ಭಾನುವಾರ ಸಂಜೆ 5:10

ಕನ್ನಡದ ಮಾತು ಬಂತು ಅಂತ ಎರಡು ಸಾಲು. ಧಾರವಾಡದಲ್ಲಿ ವಕೀಲಿ ನನ್ನದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸ್ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದಾಗ ವಯಸ್ಸು 80 ದಾಟಿತ್ತು. "ನಮ್ಮಂಥವರಿಗೆ ಏಕೆ" ಅನ್ನುವವರು ಅವರನ್ನು ಒಮ್ಮೆ ನೆನೆಯಿರಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಒಪ್ಪಿಗೆ ಕೇಳುವಾಗ ಸರಳ ಭಾಷೆಯಲ್ಲಿ ಕೇಳಬೇಕು, ಸಂವಿಧಾನದ ಎಂಟನೇ ಪರಿಚ್ಛೇದದ ಪಟ್ಟಿಯಲ್ಲಿರುವ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಕೊಡಬೇಕು ಅಂತ ಇದೆ. ಕನ್ನಡ ಅದರೊಳಗೆ ಬರುತ್ತದೆ. ನನ್ನ ಹೆದರಿಕೆ ಬೇರೆ: ಇಂಗ್ಲಿಷಿನ ಹದಿನಾಲ್ಕು ಪುಟವನ್ನು ಮಷಿನ್‌ಗೆ ಹಾಕಿ ಕನ್ನಡದ ಹದಿನೆಂಟು ಪುಟ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ನಾನೇ ಓದುವುದಿಲ್ಲ, ಓದಿ ಹೊಟ್ಟೆ ಹೊರೆಯುವವನು!


ದುರ್ಗದಬೈಲ್_ಗಿರ್ಮಿಟ್
ಭಾನುವಾರ ಸಂಜೆ 6:00

ಆಯಿತು, ನನ್ನ ಮಾತು ವಾಪಸ್. ಪೂರ್ತಿ ಅಲ್ಲ, ಅರ್ಧ. ಸಪ್ತಾಪುರದ ತಂಗಿ ಬರೆದದ್ದು ಓದಿ ಸುಮ್ಮನಾದೆ. ನನ್ನ ಬ್ಯಾಂಕಿನ ಸಾಲ ಎಷ್ಟು ಅಂತ ನನ್ನ ಅಂಗಡಿ ಕಟ್ಟೆ ಮೇಲೆ ಕೂತವರಿಗೆ ನಾನೂ ಹೇಳುವುದಿಲ್ಲ, ಮುಚ್ಚಿಡುವಂಥದ್ದು ಇದೆ ಅಂತಾಯಿತು.

ಆದರೆ ಒಂದು ಕೇಳುತ್ತೇನೆ. ಹಳೆಯ ಕಾಲದವರು ಝೆರಾಕ್ಸ್ ಕೊಡುವಾಗ ಅದರ ಮೇಲೆ ಓರೆಯಾಗಿ ಎರಡು ಗೀಟು ಎಳೆದು, ನಡುವೆ "ಸಿಮ್ ಸಲುವಾಗಿ ಮಾತ್ರ" ಅಂತ ಬರೆದು ಸಹಿ ಹಾಕುತ್ತಾರಲ್ಲ? ನಮ್ಮಪ್ಪ ಸಾಯುವವರೆಗೂ ಹಾಗೇ ಕೊಟ್ಟರು. ಅವರಿಗೆ ಯಾರೂ ಆ್ಯಪ್ ಮಾಡಿಕೊಟ್ಟಿರಲಿಲ್ಲ, ಗೌಪ್ಯತೆ ಅನ್ನುವ ಪದವೂ ಗೊತ್ತಿರಲಿಲ್ಲ. ನಿನ್ನ ಆ್ಯಪ್ ಆ ಗೀಟು ಎಳೆಯುತ್ತದಾ?


ನವನಗರ_ಹುಡುಗ
ಭಾನುವಾರ ಸಂಜೆ 6:04

ಇಲ್ಲ.

ಗಿರ್ಮಿಟ್ ಅಣ್ಣಾ, ನಿಮಗೆ ಒಂದು ಪ್ಲೇಟ್ ಮಿರ್ಚಿ ಬಾಕಿ.


ಬೆಟಗೇರಿ_ಝೆರಾಕ್ಸ್
ಭಾನುವಾರ ರಾತ್ರಿ 10:50

ಗೀಟಿನ ಮಾತು ಲಕ್ಷದ ಮಾತು. ನಾನೂ ಒಂದು ಸೇರಿಸುತ್ತೇನೆ. ನನ್ನ ಅಂಗಡಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ತಲೆನೋವಿನ ಕೆಲಸ ಯಾವುದು ಗೊತ್ತಾ? ಕಾರ್ಡಿನ ಹಿಂದೆ ಮುಂದೆ ಎರಡೂ ಒಂದೇ ಎ4 ಹಾಳೆಯಲ್ಲಿ, ನೆಟ್ಟಗೆ, ಸರಿಯಾದ ಅಳತೆಯಲ್ಲಿ ಕೂರಿಸುವುದು. ಜನ ಕಳಿಸುವ ಫೋಟೋದಲ್ಲಿ ಕಾರ್ಡ್ ಅಡ್ಡ, ಹಿಂದೆ ಹಾಸಿಗೆ, ಮೇಲೆ ಅವರ ಹೆಬ್ಬೆರಳು. ಅದನ್ನು ಕತ್ತರಿಸಿ, ತಿರುಗಿಸಿ, ವರ್ಡ್‌ನಲ್ಲಿ ಇಟ್ಟು ಪ್ರಿಂಟ್ ಕೊಡುವುದಕ್ಕೆ ಒಬ್ಬರಿಗೆ ಎರಡು ಮೂರು ನಿಮಿಷ. ಆ ಕೆಲಸವನ್ನು ನಿನ್ನ ಆ್ಯಪ್ ಮಾಡಿದರೆ ನಾನೇ ಬಂದವರ ಫೋನಿಗೆಲ್ಲ ಹಾಕಿಕೊಡುತ್ತೇನೆ. ಅಂಕಿ ಮುಚ್ಚುವುದು ಅದರೊಳಗೆ ತಾನೇ ಆಗಲಿ, ಯಾರನ್ನೂ ಕೇಳಬೇಡ.


ಹಳೇ_ಮೇಷ್ಟ್ರು
ಸೋಮವಾರ ಬೆಳಗ್ಗೆ 6:10

ನಾನು 1883ರಿಂದ ಸುತ್ತಿಕೊಂಡು ಬಂದದ್ದನ್ನು ಬೆಟಗೇರಿಯವರು ಒಂದು ಎ4 ಹಾಳೆಯಲ್ಲಿ ಹೇಳಿಬಿಟ್ಟರು.

ಹುಡುಗನಿಗೆ ಎರಡು ಎಚ್ಚರಿಕೆ. ಒಂದು, ಅಂಕಿ ಮುಚ್ಚುವಾಗ ಬಣ್ಣ ಬಳಿದರೆ ಸಾಲದು. ಫೋನಿನ ಹೈಲೈಟರ್ ಪೆನ್ನಿನಿಂದ ಕಪ್ಪು ಬಳಿದದ್ದನ್ನು ಬೆಳಕು ಜಾಸ್ತಿ ಮಾಡಿ ನೋಡಿದರೆ ಕೆಳಗಿನ ಅಂಕಿ ಕಾಣುತ್ತದೆ. ಪಿಡಿಎಫ್‌ನಲ್ಲಿ ಕಪ್ಪು ಡಬ್ಬಿ ಇಟ್ಟರೆ ಕೆಳಗೆ ಅಕ್ಷರ ಹಾಗೇ ಉಳಿದಿರುತ್ತದೆ, ಸೆಲೆಕ್ಟ್ ಮಾಡಿ ಕಾಪಿ ಮಾಡಬಹುದು. ಆ ಜಾಗದ ಚಿತ್ರವನ್ನೇ ಕಿತ್ತು ಹಾಕಬೇಕು. ಎರಡು, 2018ಕ್ಕಿಂತ ಹಿಂದಿನ ಆಧಾರ್ ಕಾರ್ಡುಗಳ ಕ್ಯೂಆರ್ ಕೋಡಿನಲ್ಲಿ ಪೂರ್ತಿ 12 ಅಂಕಿ ಹಾಗೇ ಇರುತ್ತವೆ. ಮೇಲೆ ಮುಚ್ಚಿ ಪಕ್ಕದಲ್ಲಿ ತೆರೆದಿಟ್ಟ ಹಾಗೆ. ನಿಮ್ಮ ತಾಯಿಯವರ ಕಾರ್ಡ್ ಯಾವ ಕಾಲದ್ದು?


ನವನಗರ_ಹುಡುಗ
ಸೋಮವಾರ ಬೆಳಗ್ಗೆ 9:15

2014ರದ್ದು. ಈಗಷ್ಟೇ ಸ್ಕ್ಯಾನ್ ಮಾಡಿದೆ. ಹೆಸರು, ವಿಳಾಸ, 12 ಅಂಕಿ, ಎಲ್ಲ ಬಂತು. ನಾಲ್ಕು ತಿಂಗಳು ನಾನು ಏನು ಮಾಡುತ್ತಿದ್ದೆ?


ಬ್ಯಾಡಗಿ_ಗುಮಾಸ್ತ
ಮಂಗಳವಾರ ರಾತ್ರಿ 9:30

ಒಂದು ಅನುಮಾನ. ಅಂಕಿ ಮುಚ್ಚಿದ ಕಾಪಿ ಕೊಟ್ಟರೆ ಕೌಂಟರಿನಲ್ಲಿ "ಇದು ನಡೆಯೋದಿಲ್ಲ, ಪೂರ್ತಿ ನಂಬರ್ ತಗೊಂಡು ಬರ್ರಿ" ಅಂದರೆ? ನನಗೆ ಎರಡು ಕಡೆ ಆಗಿದೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಎಲ್ಲರಿಗೂ ಝೆರಾಕ್ಸ್ ಕೊಡಬೇಡಿ, ಮಾಸ್ಕ್ಡ್ ಕೊಡಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಬೇಡಿ ಅಂತ ಪ್ರಕಟಣೆ ಕೊಟ್ಟಿತು. ಎರಡೇ ದಿನಕ್ಕೆ ಅದನ್ನು ವಾಪಸ್ ತೆಗೆದುಕೊಂಡರು, ಜನ ತಪ್ಪು ತಿಳಿಯುತ್ತಾರೆ ಅಂತ. ಹೇಳಿದವರೇ ಹಿಂದೆ ಸರಿದರೆ ಕೌಂಟರಿನ ಹುಡುಗ ಏನು ಮಾಡುತ್ತಾನೆ? ಅದಕ್ಕೆ ಪೂರ್ತಿ ನಂಬರ್ ಬಿಡುವ ಗುಂಡಿ ಒಂದು ಇಡು.


ಹಳೇ_ಮೇಷ್ಟ್ರು
ಬುಧವಾರ ಬೆಳಗ್ಗೆ 6:20

ಇಡಬೇಡ. ಒಮ್ಮೆ ಇಟ್ಟರೆ ಎಲ್ಲರೂ ಅದನ್ನೇ ಒತ್ತುತ್ತಾರೆ.


ಬೆಟಗೇರಿ_ಝೆರಾಕ್ಸ್
ಬುಧವಾರ ಬೆಳಗ್ಗೆ 9:05

ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಇಡದಿದ್ದರೆ ಒಬ್ಬ ಗಿರಾಕಿ ಒಮ್ಮೆ ವಾಪಸ್ ಬರುತ್ತಾನೆ, ಬಸ್ ಚಾರ್ಜು, ಅರ್ಧ ದಿನದ ಪಗಾರ ಎರಡೂ ಹೋದವು ಅಂತ ನನ್ನ ಮೇಲೆ ಕೂಗಾಡುತ್ತಾನೆ. ಅವತ್ತೇ ಆ್ಯಪ್ ತೆಗೆದು ಹಾಕುತ್ತೇನೆ. ನಿಯಮ ಮುರಿಯುವುದಕ್ಕೆ ಒಂದು ಸಣ್ಣ ಬಾಗಿಲು ಇದ್ದರೇ ಜನ ನಿಯಮದೊಳಗೆ ಇರುವುದು.


ನವನಗರ_ಹುಡುಗ
ಎರಡು ವಾರದ ಮೇಲೆ, ಭಾನುವಾರ ರಾತ್ರಿ 8:30

ಕೆಡವಿ ಮತ್ತೆ ಕಟ್ಟಿದೆ. ಏನು ಬದಲಾಯಿತು ಅಂತ ಹೇಳುತ್ತೇನೆ.

ಹೆಸರು ಈಗ "ಒಂದೇ ಹಾಳೆ". ಐಕಾನ್ ಬಿಳಿ ಕಾಗದದ್ದು, ಯಾವ ತಮ್ಮನೂ ಯಾವ ಅಕ್ಕನನ್ನೂ ಏನೂ ಕೇಳುವುದಿಲ್ಲ. ಸ್ವಾಗತದ ಪರದೆ ಹೋಯಿತು, ಗೌಪ್ಯತೆ ಅನ್ನುವ ಪದ ಆ್ಯಪಿನಲ್ಲಿ ಒಂದು ಕಡೆಯೂ ಇಲ್ಲ. ಆ್ಯಪ್ ತೆರೆಯಬೇಕಾಗಿಯೂ ಇಲ್ಲ. ಗ್ಯಾಲರಿಯಲ್ಲಿ ಹಿಂದೆ ಮುಂದೆ ಎರಡು ಫೋಟೋ ಒತ್ತಿ ಶೇರ್ ಮಾಡಿದರೆ ವಾಟ್ಸಾಪಿನ ಪಕ್ಕದಲ್ಲಿ ಇದೂ ಕಾಣುತ್ತದೆ. ಒತ್ತಿದರೆ ಎ4 ಹಾಳೆ ತಯಾರು. ಅಂಕಿ, ಹಳೆಯ ಕ್ಯೂಆರ್ ಎರಡೂ ಕಿತ್ತು ಹೋಗಿರುತ್ತವೆ. ಫೋಟೋ ಶೇರ್ ಮಾಡಿ ಒಳಗೆ ಬರುವುದರಿಂದ ಕ್ಯಾಮೆರಾ ಪರ್ಮಿಷನ್, ಫೈಲ್ ಪರ್ಮಿಷನ್ ಎರಡೂ ಬೇಕಾಗಲಿಲ್ಲ, ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ. ಗಿರ್ಮಿಟ್ ಅಣ್ಣನ ತಂದೆಯವರ ಎರಡು ಗೀಟೂ ಬಂದಿವೆ, ನಡುವೆ ಅವತ್ತಿನ ತಾರೀಖು ತಾನೇ ಬೀಳುತ್ತದೆ, ಯಾತಕ್ಕೆ ಅಂತ ಬರೆಯುವ ಜಾಗ ಖಾಲಿ. ಪ್ರಿಂಟ್ ಆದ ಮೇಲೆ ಪೆನ್ನಿನಿಂದ ಬರೆದರೆ ಆಯಿತು, ಪಟ್ಟಿ ತೋರಿಸಿ ಅವ್ವನನ್ನು ಹೆದರಿಸುವುದು ಬೇಡ. ಪೂರ್ತಿ ನಂಬರಿನ ಗುಂಡಿ ಇಟ್ಟಿದ್ದೇನೆ, ಮೇಷ್ಟ್ರು ಕ್ಷಮಿಸಬೇಕು. ಆದರೆ ಅದು ಒಂದು ಹಾಳೆಗೆ ಮಾತ್ರ, ಮುಂದಿನ ಸಲ ಮತ್ತೆ ಮುಚ್ಚಿಕೊಂಡೇ ಬರುತ್ತದೆ.

ಅವ್ವನ ಕೈಗೆ ಕೊಟ್ಟು ನಾನು ಬಾಯಿ ಮುಚ್ಚಿಕೊಂಡು ಕೂತೆ. ಎರಡು ಫೋಟೋ ಒಟ್ಟಿಗೆ ಒತ್ತುವುದು ಮೊದಲ ಸಲ ಬರಲಿಲ್ಲ, ಎರಡನೇ ಸಲ ಬಂತು. ಹಾಳೆ ನೋಡಿ, "ಹಾಂ, ಇದು ಛಲೋ ಕಾಣ್ತದ" ಅಂದಳು. ಅಂಕಿ ಮುಚ್ಚಿದ್ದನ್ನು ಗಮನಿಸಲೇ ಇಲ್ಲ. ಮೊದಲಾಗಿದ್ದರೆ ನನಗೆ ಬೇಜಾರಾಗುತ್ತಿತ್ತು.

ಬೆಟಗೇರಿ ಅಣ್ಣಾ, ನಿಮ್ಮ ಅಂಗಡಿಯಲ್ಲಿ ಒಂದು ದಿನ ಕೂತು ನೋಡಲಾ? ನಿಮ್ಮ ಕಂಪ್ಯೂಟರಿಗೂ ಒಂದು ಸಣ್ಣದು ಮಾಡಿಕೊಂಡು ಬರುತ್ತೇನೆ, ಪ್ರಿಂಟ್ ಆದ ಫೈಲ್ ಏಳು ದಿನಕ್ಕೆ ತಾನೇ ಹೋಗುವ ಹಾಗೆ. ದಿನಾ ರಾತ್ರಿ ಅಲ್ಲ, ಮೊನ್ನೆ ಕೊಟ್ಟದ್ದು ಕೇಳಿ ಬರುವವರಿಗೆ ಸಿಗಲಿ.


ಬೆಟಗೇರಿ_ಝೆರಾಕ್ಸ್
ಭಾನುವಾರ ರಾತ್ರಿ 11:15

ಬಾ ತಮ್ಮಾ. ಬುಧವಾರ ಬಾ, ಅವತ್ತು ಗದ್ದಲ ಸ್ವಲ್ಪ ಕಡಿಮೆ. ಅದಕ್ಕಿಂತ ಮೊದಲು ಒಂದು ಕೆಲಸ ಮಾಡು. ಅವ್ವನ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿದ್ದೀರೋ ಇಲ್ಲವೋ ನೋಡು. ನನ್ನ ಹತ್ತಿರ ಬರುವ ಕಾರ್ಡುಗಳೆಲ್ಲ ಲ್ಯಾಮಿನೇಷನ್ ಆದವು, ಅದೂ ನಾನೇ ಮಾಡಿಕೊಟ್ಟವು, ಟ್ಯೂಬ್‌ಲೈಟ್ ಕೆಳಗೆ ಫೋಟೋ ತೆಗೆದರೆ ಸರಿಯಾಗಿ ನಂಬರಿನ ಮೇಲೆಯೇ ಬಿಳಿ ಹೊಳಪು ಬೀಳುತ್ತದೆ. ಆಗ ಅರ್ಧ ಅಂಕಿ ನಿನ್ನ ಆ್ಯಪಿನ ಕಣ್ಣಿಗೆ ಕಾಣುವುದಿಲ್ಲ, ಮನುಷ್ಯನ ಕಣ್ಣಿಗೆ ಕಾಣುತ್ತದೆ. ಅಂಥವು ಹತ್ತು ಕಾರ್ಡ್ ತೆಗೆದಿಟ್ಟಿರುತ್ತೇನೆ, ಎಲ್ಲ ನಮ್ಮ ಮನೆಯವರವೇ, ಹೊರಗಿನವರದು ಒಂದೂ ಇಲ್ಲ. ನೋಟ್‌ಬುಕ್ಕು ಮಾತ್ರ ತೋರಿಸುವುದಿಲ್ಲ, ಕೇಳಬೇಡ. ಅದನ್ನು ಗಲ್ಲೆಯಲ್ಲಿಟ್ಟು ಬೀಗ ಹಾಕಿ ಎರಡು ವಾರ ಆಯಿತು.